ಯಾವ ಮಂಡಿ?

ಜೂನ್ ೯, ಸೋಮವಾರ

ಬಯಾನ್ ಲೆಪಾಸಿಗೆ ಬಂದು ಇವತ್ತಿಗೆ ಹನ್ನೆರಡು ದಿನ. ಮಗಳ ಮನೆ ಹದಿನೇಳನೇ ಮಹಡಿಯಲ್ಲಿದೆ. ಕೆಳಗಿಳಿಯುವ ವಿಮಾನಗಳ ಹೊಟ್ಟೆ ಕಿಟಕಿಯಿಂದಲೇ ಕಾಣುತ್ತದೆ. ಮೂವತ್ನಾಲ್ಕು ವರ್ಷ ಬಸ್ ಡಿಪೋದಲ್ಲಿ ಗಾಡಿಗಳ ಹೊಟ್ಟೆ ನೋಡಿ, ಫೋರ್‌ಮನ್ ಆಗಿ ನಿವೃತ್ತನಾದ ಚಾಮಯ್ಯನಿಗೆ ದೇವರು ಮಲೇಶಿಯಾದಲ್ಲೂ ಅದನ್ನೇ ತೋರಿಸುತ್ತಿದ್ದಾನೆ. ಸ್ಪ್ಯಾನರ್ ಮಾತ್ರ ಕೊಟ್ಟಿಲ್ಲ.

ನಾವು ಬಂದಿರುವುದು ಬಾಣಂತನಕ್ಕೆ. ‘ನಾವು’ ಎನ್ನುವುದು ಟಿಕೆಟ್ಟಿನ ಮಟ್ಟಿಗೆ ನಿಜ. ಬಾಣಂತನ ಮಾಡುವವಳು ನನ್ನ ಹೆಂಡತಿ ಚಂದ್ರಮ್ಮ. ಬಾಣಂತಿ ನನ್ನ ಮಗಳು ಅನನ್ಯ. ಅಳಿಯ ವಿನಯನಿಗೆ ಚಿಪ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಕೆಲಸ. ಒಂಬತ್ತು ದಿನದ ಮೊಮ್ಮಗಳಿಗೂ ಅಳುವ ಕೆಲಸವಿದೆ. ಕೆಲಸವಿಲ್ಲದವನು ನಾನೊಬ್ಬನೇ. ಡಿಪೋದಲ್ಲಿ ದಿನಾ ಲಾಗ್ ಪುಸ್ತಕ ಬರೆದ ಕೈ ಸುಮ್ಮನಿರಲಾರದೆ ಈ ಡೈರಿ ಬರೆಯುತ್ತಿದೆ.

ಬೆಳಿಗ್ಗೆ ಒಂದು ಕೆಲಸ ಸಿಕ್ಕಿತ್ತು, ಬಾಣಂತಿಗೆ ಸಾಂಬ್ರಾಣಿ ಹೊಗೆ ಹಾಕುವುದು. ಎರಡೇ ನಿಮಿಷಕ್ಕೆ ಚಾವಣಿಯಲ್ಲಿದ್ದ ಅಲಾರಂ ಬಡಿದುಕೊಂಡಿತು. ಕೆಳಗಿನಿಂದ ಗಾರ್ಡ್ ಏದುಸಿರು ಬಿಡುತ್ತಾ ಬಂದ. “ಅಂಕಲ್, ಸ್ಮೋಕ್ ಕೆನಾಟ್ ಲಾ!” ಅಂದ. ಅಲ್ಲಿಗೆ ಆ ಕೆಲಸವೂ ಹೋಯಿತು. ಮಗುವಿಗೆ ನೀರು ಹಾಕಿ ಮಣೆಯಿಂದ ಏಳುವಾಗ ಚಂದ್ರಮ್ಮ ಹಾಕುವ “ಅಯ್ಯಪ್ಪಾ!” ಆ ಅಲಾರಂಗಿಂತ ಜೋರು. ಅದಕ್ಕೆ ಯಾವ ಗಾರ್ಡೂ ಬರುವುದಿಲ್ಲ. ಅವಳಿಗೆ ಅದೊಂದು ಅಭ್ಯಾಸ.

ಜೂನ್ ೧೪, ಶನಿವಾರ

ಮಗುವನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದೆವು. ಅಳಿಯಂದಿರ ಕಾರು ನೆಲಕ್ಕೆ ಅಂಟಿಕೊಂಡಂತಿದೆ. ನಾನು ಎಂದಿನಂತೆ ಮುಂದಿನ ಸೀಟಿನಲ್ಲಿ ಕೂತೆ. ಚಂದ್ರಮ್ಮ ಹಿಂದಿನಿಂದ ಇಳಿಯಲು ಎಷ್ಟು ಹೊತ್ತು ಮಾಡಿದಳೆಂದರೆ ಹಿಂದೆ ನಿಂತಿದ್ದ ಟ್ಯಾಕ್ಸಿಯವನು ಎರಡು ಸಲ ಹಾರನ್ ಹೊಡೆದ. ನನಗೆ ಮರ್ಯಾದೆ ಹೋದಂತಾಯಿತು.

ಮಧ್ಯಾಹ್ನ ಒಂದು ಪತ್ತೇದಾರಿ ಕೆಲಸ ಮಾಡಿದೆ. ಅಳಿಯ ಬಾಗಿಲು ಹಾಕಿಕೊಂಡು “ಕಾಲ್‌ನಲ್ಲಿದೀನಿ” ಅನ್ನುತ್ತಾರಲ್ಲ, ಆ ಕೋಣೆಗೆ ಕಾಫಿ ಕೊಡುವ ನೆಪದಲ್ಲಿ ಹೊಕ್ಕೆ. ಕಾಲೂ ಇಲ್ಲ, ಮಾತೂ ಇಲ್ಲ. ಪರದೆಯ ಮೇಲೆ ಒಂದು ಕಾರಿನ ಇಂಜಿನ್ ತಿರುಗುತ್ತಿತ್ತು.

“ಏನಿದು ಅಳಿಯಂದ್ರೇ?”

ಅವರು ಕುರ್ಚಿಯಿಂದ ಅರ್ಧ ಎದ್ದರು. “ಇದಾ ಮಾವ… ಡಿಸೈನ್ ಕಾಂಟೆಸ್ಟು. ಆಫೀಸ್ ಕೆಲಸದ ಥರಾನೇ. ಕಸ್ಟಮರ್ ರಿಕ್ವೈರ್‌ಮೆಂಟ್ ಕೊಡ್ತಾರೆ, ಅದಕ್ಕೆ ತಕ್ಕ ಹಾಗೆ ಕಾರ್ ಮಾಡಿ ಕಳಿಸ್ಬೇಕು. ವರ್ಲ್ಡ್ ಲೆವೆಲ್.”

ನಾನು ಕನ್ನಡಕ ಹಾಕಿಕೊಂಡು ನೋಡಿದೆ. “ಇದರಲ್ಲಿ ಆಯಿಲ್ ಫಿಲ್ಟರ್ ಬದಲಾಯಿಸೋಕೆ ಕೈ ಎಲ್ಲಿಂದ ತೂರಿಸ್ಬೇಕು?”

ಅವರು ಬಹಳ ಹೊತ್ತು ಇಂಜಿನ್ ತಿರುಗಿಸಿದರು. ಕೈ ತೂರುವ ಜಾಗ ಸಿಗಲಿಲ್ಲ. ಆಚೆ ಕೋಣೆಯಿಂದ ಅನನ್ಯ “ವಿನೂ, ಡಯಾಪರ್!” ಎಂದು ಕೂಗಿದಳು. “ಕಾಲ್‌ನಲ್ಲಿದೀನಿ!” ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು.

ಜೂನ್ ೧೫, ಭಾನುವಾರ

ಸ್ಪರ್ಧೆಯ ಪೂರ್ತಿ ವಿವರ ತಿಳಿದುಕೊಂಡೆ. ನಿಯಮಗಳೇ ಇಪ್ಪತ್ತಾರು ಪುಟ. ನಮ್ಮಲ್ಲಿ ನಿಜವಾದ ಬಸ್ಸನ್ನು ರಸ್ತೆಗೆ ಬಿಡಲು ಇಷ್ಟು ಕಾಗದ ಬೇಕಾಗುತ್ತಿರಲಿಲ್ಲ. ಭಾಗವಹಿಸುವವರು ಪೋಲೆಂಡಿನಿಂದ ಪೆರುವಿನವರೆಗೆ ಇದ್ದಾರೆ. ಯಾರಿಗೂ ತಂದೆತಾಯಿ ಇಟ್ಟ ಹೆಸರಿಲ್ಲ. ‘ರಸ್ಟಿ ಬೋಲ್ಟ್’ ಅಂತೆ, ‘ಟರ್ಬೊ ಅಜ್ಜಿ’ ಅಂತೆ. ನಡೆಸುವವರು ಡಾಕ್ಟರ್ ಕ್ಯಾಮ್‌ಶಾಫ್ಟ್. ಡಾಕ್ಟರರೇ ನಡೆಸುತ್ತಿರುವುದರಿಂದ ಶಿಸ್ತು ಇರುತ್ತದೆ ಅನ್ನಿಸಿತು.

“ಬಹುಮಾನ ಏನು?” ಎಂದು ಕೇಳಿದೆ.

“ಏನಿಲ್ಲ ಮಾವ. ಗೆದ್ದವರು ಮುಂದಿನ ಸಲ ಸ್ಪರ್ಧೆ ನಡೆಸ್ಬೇಕು.”

ಅಂದರೆ ಗೆದ್ದವನಿಗೆ ಶಿಕ್ಷೆ. ಅಳಿಯ ಹನ್ನೊಂದು ಸಲ ಭಾಗವಹಿಸಿ ಹನ್ನೊಂದು ಸಲವೂ ಆ ಶಿಕ್ಷೆಯಿಂದ ಪಾರಾಗಿದ್ದಾರೆ.

ಈ ಸಲದ ಗಿರಾಕಿ ಮಿಸೆಸ್ ಮಾರ್ಗರೆಟ್ ಓಡೆನ್. ಐವತ್ತೆಂಟು ವರ್ಷ, ವಿಧವೆ, ಉತ್ತರದ ಯಾವುದೋ ಗುಡ್ಡದ ದ್ವೀಪದಲ್ಲಿ ನರ್ಸು. ದಿನಕ್ಕೆ ಇಪ್ಪತ್ತು ಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡುತ್ತಾರೆ. ದಾರಿ ಕಿರಿದು, ಗಾಳಿ ಜಾಸ್ತಿ, ಜೊತೆಗೊಂದು ನಾಯಿ, ಒಂದು ಮಂಡಿ ನೋವು. ಅವರಿಗೊಂದು ಸಣ್ಣ ಕಾರು ಬೇಕು.

ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಪ್ಪತ್ತು ಸಲ ಇಳಿಯಬೇಕು ಆ ತಾಯಿ! ಓದಿ ಸಂಕಟವಾಯಿತು. ಮುದುಕಿಯರು ಬಸ್ಸಿನ ಕಂಬಿ ಹಿಡಿದು ಜೋತಾಡುವುದನ್ನು ನೋಡಲಾರದೆ, ಮೊದಲ ಮೆಟ್ಟಿಲನ್ನು ಮೂರು ಇಂಚು ಇಳಿಸಿ ಎಂದು ಡಿಪೋದ ಸಲಹಾ ಪೆಟ್ಟಿಗೆಗೆ ಚೀಟಿ ಹಾಕಿದವನು ನಾನು. ಹದಿನಾರು ವರ್ಷ, ವರ್ಷಕ್ಕೊಂದರಂತೆ ಹಾಕಿದೆ. ಆ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರವೂ ಇಲ್ಲ ಎನ್ನುವುದು ನಿವೃತ್ತಿಯ ದಿನ ತಿಳಿಯಿತು. ಕಣ್ಣು ಮುಚ್ಚುವುದರೊಳಗೆ ನನ್ನದೊಂದು ಸಲಹೆಯನ್ನು ಯಾರಾದರೂ ಓದಿ ‘ಸರಿ’ ಅನ್ನಬೇಕು. ಅಷ್ಟೇ ಆಸೆ.

“ನನ್ನ ಹೆಸರೂ ಬರ್ಕೊಳ್ಳಿ” ಎಂದೆ. ಅಳಿಯ ಬಾಯಿ ತೆರೆದು ಏನೋ ಹೇಳಲು ಹೊರಟು, ಮುಚ್ಚಿಕೊಂಡು, ‘ಫೋರ್‌ಮನ್’ ಎಂದು ನೋಂದಾಯಿಸಿದರು.

ಜೂನ್ ೧೯, ಗುರುವಾರ

ನಾಲ್ಕು ದಿನದಿಂದ ಎಲ್ಲರೂ ಟೈರಿನ ಅಗಲ, ಕುದುರೆಶಕ್ತಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದಾರೆ. ಒಬ್ಬ ಆ ನರ್ಸಮ್ಮನಿಗೆ ಮುನ್ನೂರು ಕುದುರೆಶಕ್ತಿಯ ಇಂಜಿನ್ ಇಟ್ಟಿದ್ದಾನೆ. ರೋಗಿ ಸಾಯುವುದರೊಳಗೆ ತಲುಪಲೆಂದೋ, ಆಕೆಯೇ ಮೊದಲು ಸಾಯಲೆಂದೋ ಗೊತ್ತಿಲ್ಲ. ಆ ಒಬ್ಬ ನನ್ನ ಅಳಿಯ.

ಕೇಳಬೇಕಾದದ್ದನ್ನು ಯಾರೂ ಕೇಳಿರಲಿಲ್ಲ. “ಯಾವ ಮಂಡಿ ಅಂತ ಕೇಳಿ” ಎಂದೆ.

“ಮಾವ, ಅದೆಲ್ಲ ಯಾಕೆ…”

“ಎಡ ಆದ್ರೆ ಕ್ಲಚ್ ತುಳಿಯೋಕಾಗಲ್ಲ. ಬಲ ಆದ್ರೆ ಬ್ರೇಕ್ ಗಟ್ಟಿ ಇರಬಾರದು. ಟೈಪ್ ಮಾಡಿ.”

ಮಾಡಿದರು. ಒಂದು ಗಂಟೆಯೊಳಗೆ ನನ್ನ ಪ್ರಶ್ನೆಯ ಕೆಳಗೆ ಕಣ್ಣೀರು ಸುರಿಸುವ ಹಳದಿ ಮುಖಗಳು ಮೂವತ್ತೆಂಟು ಬಂದು ಕೂತವು. ಜನ ಒಳ್ಳೆಯವರು. ಆಕೆಯ ಕಷ್ಟ ಅವರಿಗೂ ತಟ್ಟಿದೆ. ಸಂಜೆ ಡಾಕ್ಟರರ ಉತ್ತರ ಬಂತು: ಎಡ.

ಜೂನ್ ೨೨, ಭಾನುವಾರ

ಕ್ಲಚ್ ತೆಗೆದೆ. ಗೇರ್ ತಾನೇ ಬದಲಾಗುವ ಹಾಗೆ ಇಟ್ಟೆ. ಸಣ್ಣ ಇಂಜಿನ್, ಫಿಲ್ಟರಿಗೆ ಕೈ ಸಲೀಸಾಗಿ ಹೋಗುತ್ತದೆ. ಈಗ ಮೌಸನ್ನು ನಾನೇ ಹಿಡಿಯುತ್ತೇನೆ. ಅಳಿಯ ಪಕ್ಕದಲ್ಲಿ ಕೂತು ‘ಇಲ್ಲಿ ಒತ್ತಿ ಮಾವ’ ಅನ್ನುತ್ತಾರೆ. ಮಗಳ ಮದುವೆಯಾಗಿ ಐದು ವರ್ಷಕ್ಕೆ ಮೊದಲ ಸಲ ನಾವಿಬ್ಬರೂ ಹವಾಮಾನ ಬಿಟ್ಟು ಬೇರೆ ಮಾತಾಡಿದೆವು. ಹುಡುಗ ಕೆಟ್ಟವನಲ್ಲ.

ಸೀಟಿನ ಎತ್ತರವೇ ಮುಖ್ಯ. ಪುಸ್ತಕದ ಲೆಕ್ಕ ನಂಬಲಾಗದು. ಟೇಪು ಹಿಡಿದು ಮನೆಯ ಕುರ್ಚಿ, ಸೋಫಾ, ಮಂಚ, ಮಣೆ ಎಲ್ಲ ಅಳೆದು, ಚಂದ್ರಮ್ಮನನ್ನು ಒಂದೊಂದರ ಮೇಲೂ ಕೂರಿಸಿ ಏಳಿಸಿದೆ. “ಒಲೆ ಮೇಲೆ ಸಬ್ಬಸಿಗೆ ಸೊಪ್ಪಿದೆ ಕಣ್ರೀ, ಇದೇನು ನಿಮ್ಮ ಆಟ!” ಎಂದು ರೇಗಿದಳು. ಹದಿನೆಂಟು ಇಂಚಿಗೆ ಗೋಡೆ ಹಿಡಿದಳು. ಇಪ್ಪತ್ತೊಂದಕ್ಕೆ ಕೈ ಊರದೆ, ‘ಅಯ್ಯಪ್ಪಾ’ ಅನ್ನದೆ ಎದ್ದಳು. ಅದೇ ಅಳತೆ ಹಾಕಿದೆ. ಮಿಸೆಸ್ ಓಡೆನ್‌ಗೆ ತುಂಬಾ ಅನುಕೂಲವಾಗುತ್ತದೆ.

ಮನೆಯೆಲ್ಲ ಚಂದ್ರಮ್ಮನ ನೋವಿನೆಣ್ಣೆಯ ನಾತ. ಮೈಸೂರಿನಿಂದ ನಾಲ್ಕು ಬಾಟಲಿ ಹೊತ್ತು ತಂದಿದ್ದಾಳೆ. ಕಿಟಕಿ ತೆಗೆದಿಟ್ಟರೂ ಹೋಗುವುದಿಲ್ಲ. ಇದರಲ್ಲಿ ಯೋಚನೆ ಮಾಡುವುದು ಹೇಗೆ?

ಜೂನ್ ೨೮, ಶನಿವಾರ

ಕಳಿಸಿದೆವು. ನನ್ನ ಕಾರಿನ ಹೆಸರು ‘ಫುಟ್‌ಬೋರ್ಡ್’. ಅಳಿಯಂದಿರ ಕಾರಿನ ಹೆಸರು ಇಂಗ್ಲಿಷಿನಲ್ಲಿದೆ, ಅರ್ಥ ‘ಕತ್ತಲೆಯ ಚಿರತೆ’. ಊಟ ಸೇರಲಿಲ್ಲ.

ಜುಲೈ ೨, ಬುಧವಾರ

ಮೊದಲ ಜರಡಿಯಲ್ಲಿ ಐವತ್ತೊಂದು ಕಾರುಗಳ ಪೈಕಿ ಇಪ್ಪತ್ತಾರು ಹೊರಬಿದ್ದವು. ಕತ್ತಲೆಯ ಚಿರತೆಗೆ ಪೆಟ್ರೋಲ್ ತುಂಬುವ ಮುಚ್ಚಳವೇ ಇಲ್ಲವಂತೆ. ಇಡುವುದನ್ನೇ ಮರೆತಿದ್ದಾರೆ. ಮುನ್ನೂರು ಕುದುರೆಗಳಿಗೆ ಹುಲ್ಲು ಹಾಕಲು ಬಾಯಿಲ್ಲ! ಅಳಿಯನೆಂಬ ಗೌರವಕ್ಕೆ ಎದುರಿಗೆ ನಗಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕು ಬಂದೆ.

ಫುಟ್‌ಬೋರ್ಡ್ ಉಳಿದಿದೆ.

ಜುಲೈ ೬, ಭಾನುವಾರ

ಮಗುವಿಗೆ ನಾಮಕರಣ. ಹೆಸರು ವಿಸ್ಮಯಾ. ಕೆಳಗಿನ ಮಹಡಿಯ ತಮಿಳರು ಬಂದಿದ್ದರು, ಫ್ಯಾಕ್ಟರಿಯ ಕನ್ನಡದವರು ನಾಲ್ಕು ಮನೆಯವರು ಬಂದಿದ್ದರು. ಹಿರಿಯನೆಂದು ನಾನು ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಿತ್ತು. ಎರಡನೇ ಸಲ ಹೇಳುವಷ್ಟರಲ್ಲಿ ಜೇಬಿನಲ್ಲಿ ಫೋನ್ ಗುಂಯ್ ಅಂದಿತು. ಎರಡನೇ ಜರಡಿಯ ಫಲಿತಾಂಶವಿರಬಹುದು ಎಂದು ಒಂದು ಕಣ್ಣು ಹಾಯಿಸಿದೆ, ಅಷ್ಟೇ.

ಅನನ್ಯ ಎಲ್ಲರೂ ಹೋಗುವವರೆಗೆ ಕಾದಳು. “ಅಪ್ಪಾ, ಐದು ನಿಮಿಷ ಆ ಫೋನ್ ಕೆಳಗಿಡೋಕಾಗಲ್ವಾ? ಈ ಮನೇಲಿ ಒಬ್ರು ಹಾಗಿರೋದು ಸಾಲದು ಅಂತ ನೀವೂ ಸೇರ್ಕೊಂಡ್ರಾ? ಅಮ್ಮ ಬೆಳಿಗ್ಗೆ ನಾಲ್ಕಕ್ಕೆದ್ದು ಅಷ್ಟೂ ಜನಕ್ಕೆ ಅಡುಗೆ ಮಾಡಿದಾರೆ. ಅವರು ಕೂತಿದ್ದು ನೋಡಿದ್ರಾ?”

ನೋಡಿದ ನೆನಪಿಲ್ಲ. ಬಾಣಂತಿಯರಿಗೆ ಕೋಪ ಬೇಗ ಬರುತ್ತದೆ.

ಕೊನೆಯ ಐದರಲ್ಲಿ ಫುಟ್‌ಬೋರ್ಡ್ ಇದೆ!

ಜುಲೈ ೧೩, ಭಾನುವಾರ

ಗೆದ್ದೆ.

ಐವತ್ತೊಂದು ಕಾರುಗಳಲ್ಲಿ ನನ್ನದು ಮೊದಲು. ಡಾಕ್ಟರರು ಬರೆದ ತೀರ್ಪನ್ನು ಅಳಿಯ ಓದಿ ಕನ್ನಡದಲ್ಲಿ ಹೇಳಿದರು: ‘ಐವತ್ತು ಜನ ಕಾರು ಮಾಡಿದರು. ಈತ ಮಿಸೆಸ್ ಓಡೆನ್ ಅವರಿಗಾಗಿ ಮಾಡಿದ. ಸೀಟು ಇಪ್ಪತ್ತೊಂದು ಇಂಚೇ ಯಾಕೆ ಎಂದು ನನಗೆ ತಿಳಿಯದು. ಆದರೆ ಅದು ಯಾರೋ ಎದ್ದು ನಿಂತು ನೋಡಿದ ಅಳತೆ ಎನ್ನುವುದು ಗೊತ್ತಾಗುತ್ತದೆ.’ ಇನ್ನೊಂದು ಸಲ ಓದಿಸಿದೆ. ಮೂರನೇ ಸಲ ಓದುವಾಗ ಕಣ್ಣು ಮಂಜಾಯಿತು. ಮುಚ್ಚಿಕೊಳ್ಳುವುದೇನಿದೆ, ಅತ್ತುಬಿಟ್ಟೆ.

ಕೆಳಗಿನ ಮಾಮಕ್ ಹೋಟೆಲಿನಿಂದ ರೊಟ್ಟಿ ಚನಾಯ್ ತಪಾವ್ ಮಾಡಿಸಿ ತಂದು ಎಲ್ಲರಿಗೂ ಕೊಟ್ಟೆ. ಕಟ್ಟಿಸಿಕೊಂಡು ಬರುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. ಗಾರ್ಡಿಗೂ ಎರಡು ಕೊಟ್ಟೆ. ಅಳಿಯ ತಮ್ಮ ಪಾಲಿನದನ್ನು ಸ್ವಲ್ಪ ನಿಧಾನವಾಗಿ ತಿಂದರು.

ಜುಲೈ ೧೪, ಸೋಮವಾರ

ಆದದ್ದನ್ನು ಆದಂತೆ ಬರೆಯುತ್ತೇನೆ. ಲಾಗ್ ಪುಸ್ತಕದಲ್ಲಿ ಅಪಘಾತವನ್ನೂ ಬರೆಯಬೇಕು.

ಬೆಳಿಗ್ಗೆ ನನಗೊಂದು ಯೋಚನೆ ಬಂತು. ಕಾರು ತಯಾರಾಗಿ ಮಿಸೆಸ್ ಓಡೆನ್ ಕೈ ಸೇರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಆ ಎಡ ಮಂಡಿಗೆ ಗತಿ ಏನು? ಚಂದ್ರಮ್ಮನ ಎಣ್ಣೆ ಇನ್ನೂ ಒಂದು ತುಂಬಿದ ಬಾಟಲಿ ಇತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಅಂಟುಟೇಪು ಹಚ್ಚುತ್ತಿದ್ದಾಗ ಚಂದ್ರಮ್ಮ ಬಂದಳು.

“ಅದನ್ನ್ಯಾಕೆ ಕಟ್ತಿದೀರಿ?”

“ಮಾರ್ಗರೆಟಮ್ಮನಿಗೆ ಕಳ್ಸೋಣ ಅಂತ. ನಮ್ಮ ಸ್ಪರ್ಧೆಯ ಗಿರಾಕಿ. ನರ್ಸು. ಪಾಪ, ಎಡ ಮಂಡಿ ನೋವು. ದಿನಕ್ಕೆ ಇಪ್ಪತ್ತು ಸಲ ಕೂತು ಏಳ್ಬೇಕು ಕಣೇ ಆಕೆ.”

ಅವಳು ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ಕೂಗುತ್ತಾಳೆ ಅಂದುಕೊಂಡೆ. ಕೂಗಲಿಲ್ಲ.

“ನನ್ನದು ಯಾವ ಮಂಡಿ?”

“ಏನು?”

“ನನಗೆ ನೋವಿರೋದು ಯಾವ ಮಂಡೀಲಿ? ಹೇಳಿ.”

ನಾನು ಅವಳ ಸೀರೆಯ ನೆರಿಗೆ ನೋಡಿದೆ. ಅಲ್ಲಿ ಏನೂ ಬರೆದಿರಲಿಲ್ಲ. “ಎಡ” ಎಂದೆ.

ಅವಳು ಅಡುಗೆಮನೆಗೆ ಹೋದಳು. ಅಳಿಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮುಖ ಬಿಳಿಚಿತ್ತು.

“ಮಾವ… ಒಂದು ವಿಷಯ. ಆ ಮಿಸೆಸ್ ಓಡೆನ್ ಇಲ್ಲ.”

“ತೀರ್ಕೊಂಡ್ರಾ?”

“ಅಲ್ಲ ಮಾವ. ಇರ್ಲೇ ಇಲ್ಲ. ಇದು ಗೇಮು. ಕಾರು ಕಟ್ಟೋ ಆಟ. ಸ್ಪರ್ಧೆ ನಡೆಸೋರು ಒಬ್ಬ ಗಿರಾಕೀನ ಕಲ್ಪಿಸಿ ಬರೀತಾರೆ, ಅದು ಇಲ್ಲಿ ಪದ್ಧತಿ. ಬಾಣಂತನದ ಟೈಮಲ್ಲಿ ಆಟ ಆಡ್ತಿದೀನಿ ಅಂತ ನಿಮ್ಮ ಹತ್ರ ಹೇಗೆ ಹೇಳ್ಲಿ ಅಂತ ಆಫೀಸ್ ಕೆಲಸದ ಥರ ಅಂದ್ಬಿಟ್ಟೆ. ಆಮೇಲೆ ನೀವು ಮಂಡಿ ವಿಚಾರ ಕೇಳಿದ್ರಿ. ಆಮೇಲೆ ಹೇಳೋಕಾಗ್ಲಿಲ್ಲ.”

“ಡಾಕ್ಟರು?”

“ಬ್ರೆಜಿಲ್‌ನಲ್ಲಿ ಕಾಲೇಜು ಓದೋ ಹುಡುಗ.”

“ಆ ಕಣ್ಣೀರು ಹಾಕಿದ ಮೂವತ್ತೆಂಟು ಮುಖ?”

“ಅದು… ನಕ್ಕು ನಕ್ಕು ಬರೋ ಕಣ್ಣೀರು, ಮಾವ.”

ಅಳಿಯನೆಂಬ ಗೌರವವನ್ನೆಲ್ಲ ಪಕ್ಕಕ್ಕಿಟ್ಟು ಬೈಯಬೇಕೆಂದುಕೊಂಡೆ. ಯಾವ ಮುಖದಿಂದ ಬೈಯುವುದು? ಅವರು ಆಟಕ್ಕೆ ಸುಳ್ಳು ಹೇಳಿದರು. ನಾನು ಈಗ ತಾನೇ ಅಂದಾಜಿನ ಮೇಲೆ ‘ಎಡ’ ಅಂದಿದ್ದೆ. ಬಹಳ ನಾಚಿಕೆಯಾಯಿತು.

ಜುಲೈ ೧೫, ಮಂಗಳವಾರ

ಕಾಫಿ ನನ್ನ ಮುಂದೆ ಬಂತು. ಮಾತು ಬರಲಿಲ್ಲ.

ಜುಲೈ ೧೭, ಗುರುವಾರ

ಕೇಳಲು ಮುಖವಿಲ್ಲ. ಆದರೆ ಡ್ರೈವರ್ ‘ಏನೋ ಸದ್ದು ಬರ್ತಿದೆ’ ಅಂದರೆ ಸಾಕು, ಗಾಡಿಯ ಪಕ್ಕ ಸುಮ್ಮನೆ ನಿಂತು ಯಾವ ಚಕ್ರ ಎಂದು ಹೇಳುತ್ತಿದ್ದವನು ನಾನು. ಬೆಳಿಗ್ಗೆ ಆರರಿಂದ ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಪೇಪರ್ ಹಿಡಿದು ಕೂತೆ.

ಸಂಜೆಯವರೆಗೆ ಚಂದ್ರಮ್ಮ ನೆಲದಿಂದ, ಮಣೆಯಿಂದ, ಸ್ಟೂಲಿನಿಂದ ಎದ್ದದ್ದು ನಲವತ್ತಮೂರು ಸಲ. ಆ ದ್ವೀಪದ ನರ್ಸಿಗಿಂತ ಇಪ್ಪತ್ತಮೂರು ಹೆಚ್ಚು. ಮಗುವಿಗೆ ನೀರು ಹಾಕಲು ಕಾಲು ನೀಡಿ ಕೂರುವಾಗ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಇಡುತ್ತಾಳೆ. ಏಳುವಾಗ ಎಡಗಾಲು ಮೊದಲು. ಬಾತ್‌ರೂಮಿನ ಹೊಸ್ತಿಲಿಗೂ ಎಡವೇ ಮೊದಲು. ಈ ಪರೀಕ್ಷೆಗೆ ಬೇಕಾದದ್ದು ಒಂದು ಹಗಲು. ನನಗೆ ಮೂವತ್ತಾರು ವರ್ಷ ಸಿಕ್ಕಿತ್ತು.

“ಬೆಳಿಗ್ಗೆಯಿಂದ ಅದೇ ಪುಟ ಓದ್ತಿದೀರಿ. ಏನು ನೋಡ್ತಿರೋದು?” ಎಂದಳು.

“ಬಲ” ಎಂದೆ.

ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ಮೊದ್ಲು ಬಲ ಇತ್ತು. ಅದರ ಭಾರ ಹೊತ್ತು ಹೊತ್ತು ಈಗ ನಾಲ್ಕು ವರ್ಷದಿಂದ ಎಡಾನೂ. ಎರಡೂ ಕಣ್ರೀ.”

ಜುಲೈ ೧೮, ಶುಕ್ರವಾರ

ಬಾತ್‌ರೂಮಿಗೆ ಇಪ್ಪತ್ತೊಂದು ಇಂಚಿನ ಸ್ಟೂಲು, ಮಗುವನ್ನು ಮಲಗಿಸಲು ಎದುರಿಗೆ ಅದೇ ಎತ್ತರದ ಹಲಗೆ. ಗಾರ್ಡಿನ ಹತ್ತಿರ ಗರಗಸ ಸಿಕ್ಕಿತು. ಹಲಗೆಯ ಇನ್ನೊಂದು ತುದಿಯನ್ನು ಅಳಿಯ ಹಿಡಿದರು. ಅನನ್ಯ “ವಿನೂ” ಎಂದು ಕೂಗಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಎದ್ದು ಹೋದರು. ಡಯಾಪರ್ ಬದಲಾಯಿಸಲು ಅವರಿಗೆ ಬರುತ್ತದೆ ಎನ್ನುವುದು ನನಗೆ ಹೊಸ ವಿಷಯ.

ಜುಲೈ ೨೦, ಭಾನುವಾರ

ಗೆದ್ದವನ ಶಿಕ್ಷೆ ಅನುಭವಿಸಬೇಕಲ್ಲ. ಮುಂದಿನ ಸುತ್ತಿನ ಗಿರಾಕಿಯನ್ನು ನಾನು ಬರೆದುಕೊಡಬೇಕು. ನಾಲ್ಕನೇ ನಿಯಮದ ಪ್ರಕಾರ ಗಿರಾಕಿ ಕಾಲ್ಪನಿಕ ವ್ಯಕ್ತಿಯಾಗಿರತಕ್ಕದ್ದು. ಹೆಸರು ಬದಲಾಯಿಸಿದೆ. ಮಂಡಿ ಬದಲಾಯಿಸಲಿಲ್ಲ.

ಬರೆಯುವ ಮುನ್ನ ಚಂದ್ರಮ್ಮನ ಹತ್ತಿರ ಹೋಗಿ, “ಒಂದು ಕಾರಲ್ಲಿ ನಿನಗೆ ಏನೇನಿರಬೇಕು?” ಎಂದು ಕೇಳಿದೆ. ಮಗುವಿನ ಬಟ್ಟೆ ಮಡಿಸುತ್ತಾ ಯೋಚಿಸಿದಳು.

“ಮುಂದಿನ ಸೀಟು” ಎಂದಳು. “ಕಾಲು ಚಾಚ್ಬಹುದು. ಆಮೇಲೆ ಇಷ್ಟು ವರ್ಷ ನಿಮ್ಮ ಬುರುಡೇನೇ ನೋಡಿದೀನಿ. ರಸ್ತೆ ನೋಡ್ಬೇಕು.”

ಹಾಗೇ ಬರೆಸಿದೆ. ಗಿರಾಕಿ ಅರವತ್ತು ವರ್ಷದ ಅಜ್ಜಿ. ಮಂಡಿ ನೋವು. ಮುಂದಿನ ಸೀಟು ಅವರದು. ಗಂಡ ಹಿಂದೆ ಕೂರುತ್ತಾನೆ, ಅವನ ಅನುಕೂಲದ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಪೆಟ್ರೋಲ್ ಮುಚ್ಚಳ ಕಡ್ಡಾಯ. ಕೊನೆಯ ಸಾಲನ್ನು ಟೈಪ್ ಮಾಡುವಾಗ ಅಳಿಯ ಕೆಮ್ಮಿದರು.

ಊಟ ಮುಗಿಸುವಷ್ಟರಲ್ಲಿ ಅರವತ್ತೇಳು ಉತ್ತರಗಳು ಬಂದಿದ್ದವು. ಪೋಲೆಂಡಿನವನು, ಪೆರುವಿನವನು, ಟರ್ಬೊ ಅಜ್ಜಿ, ಬ್ರೆಜಿಲ್ಲಿನ ಡಾಕ್ಟರು, ಎಲ್ಲರದ್ದೂ ಒಂದೇ ಪ್ರಶ್ನೆ. ಆ ಪ್ರಶ್ನೆ ಅಲ್ಲಿ ಈಗ ತಮಾಷೆಯ ಮಾತಾಗಿದೆಯಂತೆ, ಯಾರು ಏನು ಬರೆದರೂ ಕೇಳುತ್ತಾರಂತೆ.

“ಏನಂತಾರೆ ನಿಮ್ಮ ಸ್ನೇಹಿತರು?” ಎಂದು ಚಂದ್ರಮ್ಮ ಕೇಳಿದಳು.

“ಯಾವ ಮಂಡಿ ಅಂತ ಕೇಳ್ತಿದಾರೆ.”

“ಎಲ್ಲರೂನಾ?”

“ಅರವತ್ತೇಳು ಜನ.”

ಅವಳು ನನ್ನ ಭುಜದ ಮೇಲಿಂದ ಬಗ್ಗಿ ಪರದೆ ನೋಡಿದಳು. ಇಂಗ್ಲಿಷ್ ಅವಳಿಗೆ ಅಷ್ಟಾಗಿ ಬಾರದು. ಆದರೂ ಸಾಲು ಸಾಲಾಗಿ ಒಂದೇ ಮಾತು ಇಳಿದಿರುವುದು ಕಾಣುತ್ತಿತ್ತು.

“ಗುರುತಿಲ್ಲದ ಜನ” ಎಂದಳು. “ಒಂದು ಗಂಟೆಯೊಳಗೆ ಕೇಳಿದ್ರು ನೋಡಿ.”

‘ಎರಡೂ’ ಎಂದು ನಾನೇ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಆಮೇಲೆ ಟೇಪು ಕಿತ್ತು ಡಬ್ಬಿಯಿಂದ ಬಾಟಲಿ ತೆಗೆದು, ಬಟ್ಟಲಿಗೆ ಎಣ್ಣೆ ಬಗ್ಗಿಸಿ ಬಿಸಿಗಿಟ್ಟೆ. ಮನೆಯೆಲ್ಲ ನಾತ ಹರಡಿತು. ಅಲಾರಂ ಹೊಡೆದುಕೊಳ್ಳಲಿಲ್ಲ.